ಮುಂದಿನವನ ಎಂಜಿನ್, ಹಿಂದಿನವನ ಮೆತ್ತೆ

ಐಷಾರಾಮಿ ಸೆಡಾನ್ ಕಾರೊಂದನ್ನು ಕೊಳ್ಳಲು ಹೊರಟವರ ಮುಂದೆ ಮಾರಾಟಗಾರ ಎರಡು ಪಟ್ಟಿಗಳನ್ನು ಹರವುತ್ತಾನೆ. ಒಂದು ಎಂಜಿನ್ನುಗಳದು: ಪೆಟ್ರೋಲೋ ಡೀಸೆಲೋ, ನಾಲ್ಕು ಸಿಲಿಂಡರೋ ಆರೋ. ಇನ್ನೊಂದು ಸಜ್ಜಿನದು: ಚರ್ಮದ ಬಣ್ಣ, ಮರದ ಪಟ್ಟಿ, ಚಾವಣಿಯ ಗಾಜು, ಹಿಂದಿನ ಆಸನದ ಒರಗು. ಈ ಎರಡನೆಯದನ್ನು ಷೋರೂಮಿನ ಭಾಷೆಯಲ್ಲಿ ಟ್ರಿಮ್ ಎನ್ನುತ್ತಾರೆ. ಎರಡರಿಂದಲೂ ಒಂದೊಂದನ್ನು ಆರಿಸಿ ಜೋಡಿಸಿದರೆ ಕಾರು ಸಿದ್ಧ. ಕೊಳ್ಳುವವರು ಇದನ್ನು ತಮ್ಮ ಅಭಿರುಚಿಯ ಮಾತೆಂದೇ ಭಾವಿಸುತ್ತಾರೆ. ಆದರೆ ಈ ಪಟ್ಟಿಗಳ ಚರಿತ್ರೆಯನ್ನು ಕೆದಕಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಎಂಜಿನ್ನಿನ ಪಟ್ಟಿಯನ್ನು ಬಹುಮಟ್ಟಿಗೆ ಬರೆದವರು ಸುಂಕ ವಿಧಿಸಿದ, ಇಂಧನದ ಬೆಲೆ ಕಟ್ಟಿದ ಸರ್ಕಾರಗಳು. ಸಜ್ಜಿನ ಪಟ್ಟಿಯನ್ನು ಬರೆದವರು ಮಾರಾಟದ ಮರ್ಮ ಬಲ್ಲ ವ್ಯಾಪಾರಿಗಳು. ಭಾರತದಲ್ಲಿ ಇದಕ್ಕೆ ಮತ್ತೊಂದು ವಿಶೇಷ ಸೇರಿಕೊಂಡಿತು. ಇಲ್ಲಿ ಹಣ ಕೊಟ್ಟವರು ಹೆಚ್ಚಾಗಿ ಹಿಂದೆ ಕೂರುತ್ತಾರೆ. ಎಂಜಿನ್ನಿನ ಸುಖ ಮುಂದಿರುವ ಚಾಲಕನಿಗೆ, ಮೆತ್ತೆಯ ಸುಖ ಹಿಂದಿರುವ ಯಜಮಾನರಿಗೆ.

ಮೊದಲಿಗೆ ಇಂಥ ಪ್ರಶ್ನೆಯೇ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೋಲ್ಸ್ ರಾಯ್ಸ್ ಕಂಪನಿ ಮಾರುತ್ತಿದ್ದುದು ಚೌಕಟ್ಟು, ಗಾಲಿ ಮತ್ತು ಎಂಜಿನ್ ಮಾತ್ರ. ಅದರ ಮೇಲಿನ ಒಡಲನ್ನು ಬಾರ್ಕರ್, ಹೂಪರ್ ಮೊದಲಾದ, ಕುದುರೆಯ ಸಾರೋಟು ಕಟ್ಟಿ ಪಳಗಿದ ಲಂಡನ್ನಿನ ಮನೆಗಳು ಗಿರಾಕಿಯ ಮರ್ಜಿಯಂತೆ ಕಟ್ಟಿಕೊಡುತ್ತಿದ್ದವು. ನಮ್ಮ ಸಂಸ್ಥಾನಗಳ ಅರಸರ ಕಾರುಗಳು ಒಂದರಂತೆ ಒಂದಿಲ್ಲದಿರುವುದಕ್ಕೆ ಇದೇ ಕಾರಣ. ಎಂಜಿನ್ ಒಂದೇ, ಸಜ್ಜು ಅನಂತ. ಈ ಕಂಪನಿ ತನ್ನದೇ ಉಕ್ಕಿನ ಒಡಲನ್ನು ಕಾರ್ಖಾನೆಯಲ್ಲೇ ಸಿದ್ಧಪಡಿಸಿ ಮಾರತೊಡಗಿದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ: ಮೊದಲು 1946ರ ಬೆಂಟ್ಲಿ ಮಾರ್ಕ್ 6, ಆಮೇಲೆ 1949ರ ಸಿಲ್ವರ್ ಡಾನ್.

ಸಾಮಾನ್ಯರ ಕಾರಿನಲ್ಲಿ ಇದಕ್ಕೆ ತೀರಾ ವಿರುದ್ಧವಾದ ಸ್ಥಿತಿಯಿತ್ತು. ಹೆನ್ರಿ ಫೋರ್ಡರ ಮಾಡೆಲ್ ಟಿ 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ದೊರೆಯುತ್ತಿತ್ತು. ಎಂಜಿನ್ ಒಂದೇ, ಬಣ್ಣವೂ ಒಂದೇ. ಈ ಏಕತಾನವನ್ನು ಮುರಿದವರು 1923ರಲ್ಲಿ ಜನರಲ್ ಮೋಟಾರ್ಸ್‌ನ ಅಧ್ಯಕ್ಷರಾದ ಆಲ್ಫ್ರೆಡ್ ಸ್ಲೋನ್. ಷೆವ್ರೊಲೆಯಿಂದ ಕ್ಯಾಡಿಲಾಕ್‌ವರೆಗೆ ಪ್ರತಿಯೊಂದು ಕಿಸೆಗೂ ಪ್ರತಿಯೊಂದು ಅಗತ್ಯಕ್ಕೂ ಒಂದೊಂದು ಕಾರಿರುವಂತೆ ಅವರು ಏಣಿಯ ಮೆಟ್ಟಿಲುಗಳನ್ನು ಜೋಡಿಸಿದರು. 1927ರಲ್ಲಿ ಹಾರ್ಲಿ ಅರ್ಲ್ ಎಂಬ ವಿನ್ಯಾಸಕಾರನ ಕೈಕೆಳಗೆ ಬಣ್ಣ ಮತ್ತು ಕಲೆಗೆಂದೇ ಪ್ರತ್ಯೇಕ ವಿಭಾಗ ತೆರೆದರು. ಯಂತ್ರ ಹೊಸದಾಗದಿದ್ದರೂ ತೊಡುಗೆ ಹೊಸದಾದರೆ ಕಾರು ಮಾರಾಟವಾಗುತ್ತದೆ ಎಂಬ ಅರಿವು ಅಲ್ಲಿಂದ ಹುಟ್ಟಿತು. ಅಮೆರಿಕದ ಐಷಾರಾಮದ ವ್ಯಾಕರಣವೇ ಇದರ ಮೇಲೆ ನಿಂತಿತು. ಯುದ್ಧಾನಂತರದ ಕ್ಯಾಡಿಲಾಕ್‌ಗಳಲ್ಲಿ ಎಂಜಿನ್ ಬಹುತೇಕ ಒಂದೇ, ದೊಡ್ಡ ವಿ8. ಸರಣಿ 62, ಡಿ ವಿಲ್, ಫ್ಲೀಟ್‌ವುಡ್ ಎಂದು ಹೆಸರು ಏರುತ್ತ ಹೋದಂತೆ ಏರುತ್ತಿದ್ದುದು ಮುಖ್ಯವಾಗಿ ಬಟ್ಟೆ, ಬೆಳ್ಳಿಬಣ್ಣದ ಪಟ್ಟಿ, ಆಸನದ ಮೆತ್ತೆ.

ಯುರೋಪಿನಲ್ಲಿ ಹೀಗಾಗಲಿಲ್ಲ. ಅಲ್ಲಿ ಎಂಜಿನ್ನಿನ ಗಾತ್ರಕ್ಕೆ ತೆರಿಗೆಯಿತ್ತು. ಬ್ರಿಟನ್ 1921ರಿಂದ ಪ್ರತಿ ಅಶ್ವಶಕ್ತಿಗೆ ವರ್ಷಕ್ಕೆ ಒಂದು ಪೌಂಡಿನಂತೆ ತೆರಿಗೆ ಹಾಕಿತು. ಆ ಅಶ್ವಶಕ್ತಿ ನಿಜವಾದ ಶಕ್ತಿಯಲ್ಲ. ಸಿಲಿಂಡರಿನ ವ್ಯಾಸದ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸಿ ಬಂದ ಕಾಗದದ ಶಕ್ತಿ. ವ್ಯಾಸಕ್ಕೆ ಮಾತ್ರ ತೆರಿಗೆ, ಆಳಕ್ಕೆ ಇಲ್ಲ ಎಂದ ಮೇಲೆ ತಂತ್ರಜ್ಞರು ಏನು ಮಾಡುತ್ತಾರೆ? ಕೊಳವೆಯಂತೆ ಕಿರಿದಾದ, ಆಳವಾದ ಸಿಲಿಂಡರುಗಳನ್ನು ಕೊರೆದರು. ಅಗಲ ಸಿಲಿಂಡರಿನ ಅಮೆರಿಕನ್ ಮಾಡೆಲ್ ಟಿ ಅಲ್ಲಿ ವರ್ಷಕ್ಕೆ 23 ಪೌಂಡ್ ತೆರಿಗೆ ತೆರಬೇಕಾಯಿತು. ಆಸ್ಟಿನ್ ಸೆವೆನ್ ಕಾರಿನ ಏಳು, ಫ್ರಾನ್ಸಿನ ಸಿಟ್ರೊಯೆನ್ 2ಸಿವಿಯ ಎರಡು, ಎರಡೂ ತೆರಿಗೆ ಲೆಕ್ಕದ ಕುದುರೆಗಳೇ. ಬ್ರಿಟನ್ನಿನ ಈ ತೆರಿಗೆ 1940ರ ದಶಕದ ಕೊನೆಯಲ್ಲಿ ಹೋಯಿತಾದರೂ ಅಭ್ಯಾಸ ಹೋಗಲಿಲ್ಲ. ನಮ್ಮ ಅಂಬಾಸಿಡರ್ ದಶಕಗಳ ಕಾಲ ಹೊತ್ತು ತಿರುಗಿದ 1489 ಸಿ.ಸಿ. ಎಂಜಿನ್ನಿನ ಸಿಲಿಂಡರ್ 73 ಮಿಲಿಮೀಟರ್ ಅಗಲ, 89 ಮಿಲಿಮೀಟರ್ ಚಲನೆ. ಆ ಅನುಪಾತದಲ್ಲಿ ಹಳೆಯ ಇಂಗ್ಲಿಷ್ ತೆರಿಗೆಯ ನೆರಳು ಉಳಿದಂತಿದೆ.

ಇಟಲಿಯಲ್ಲಿ ಗೆರೆ ಎರಡು ಲೀಟರಿಗೆ ಎಳೆಯಲಾಗಿತ್ತು. ಅದನ್ನು ದಾಟಿದ ಪೆಟ್ರೋಲ್ ಕಾರಿನ ಮೇಲಿನ ಮಾರಾಟ ತೆರಿಗೆ 38 ಪ್ರತಿಶತಕ್ಕೆ ಏರುತ್ತಿತ್ತು, ಸಾಮಾನ್ಯ ದರದ ಇಮ್ಮಡಿ. ಹೀಗಾಗಿ ಮಾಸೆರಾಟಿ ತನ್ನ ನಾಲ್ಕು ಬಾಗಿಲಿನ ಸೆಡಾನನ್ನು ತಾಯ್ನಾಡಿಗೆ ಎರಡು ಲೀಟರಿನ 420 ಎಂದೂ ಹೊರನಾಡಿಗೆ ಎರಡೂವರೆ ಲೀಟರಿನ 425 ಎಂದೂ ಮಾರಿತು. ಜಪಾನಿನಲ್ಲೂ ಗೆರೆ ಅಷ್ಟಕ್ಕೇ. 2000 ಸಿ.ಸಿ. ದಾಟಿದರೆ ನಂಬರ್ ಪ್ಲೇಟಿನ ವರ್ಗವೇ ಬದಲಾಗಿ ವಾರ್ಷಿಕ ತೆರಿಗೆ ದುಪ್ಪಟ್ಟಿಗಿಂತ ಮೇಲಾಗುತ್ತಿತ್ತು. 1989ರಲ್ಲಿ ಆ ಗೋಡೆ ತಗ್ಗುವವರೆಗೂ ಟೊಯೊಟಾ ಕ್ರೌನ್‌ನಂಥ ಗಣ್ಯರ ಕಾರುಗಳು ಎರಡು ಲೀಟರಿನ ಮಿತಿಯೊಳಗೆ ಆರು ಸಿಲಿಂಡರುಗಳನ್ನು ಹಿಡಿಸುವ ಸರ್ಕಸ್ ನಡೆಸಿದವು.

ಒಂದೇ ಒಡಲು, ಹಲವು ಎಂಜಿನ್ ಎಂಬ ಪದ್ಧತಿಯನ್ನು ಶಾಸ್ತ್ರದ ಮಟ್ಟಕ್ಕೆ ಒಯ್ದವರು ಜರ್ಮನರು. ಮರ್ಸಿಡಿಸ್ ಬೆಂಝ್ 1984ರ ಕೊನೆಗೆ ಹೊರತಂದ ಡಬ್ಲ್ಯು124 ಮಾದರಿ ಇದಕ್ಕೆ ಒಳ್ಳೆಯ ಉದಾಹರಣೆ. 25 ಲಕ್ಷಕ್ಕೂ ಹೆಚ್ಚು ತಯಾರಾದ ಈ ಕಾರಿನ ಕೆಳತುದಿಯಲ್ಲಿ 72 ಅಶ್ವಶಕ್ತಿಯ 200 ಡಿ ಇತ್ತು, ಟ್ಯಾಕ್ಸಿಯವರ ನೆಚ್ಚಿನದು. ಮೇಲ್ತುದಿಯಲ್ಲಿ 1990ರ 500 ಇ ಇತ್ತು. ಐದು ಲೀಟರಿನ ವಿ8, 326 ಅಶ್ವಶಕ್ತಿ, ತಯಾರಿಕೆಯಲ್ಲಿ ಪೋರ್ಷೆಯ ಪಾಲು. ದೂರದಿಂದ ನೋಡಿದವರಿಗೆ ಎರಡೂ ಅಣ್ಣತಮ್ಮಂದಿರು. ಸಜ್ಜಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಬರಿಯ ಕಾರಿನಲ್ಲಿ ಬಟ್ಟೆಯ ಆಸನ, ಕೈಯಿಂದ ತಿರುವುವ ಕಿಟಕಿ. ಹವಾನಿಯಂತ್ರಣ, ಚರ್ಮ, ವಿದ್ಯುತ್ ಕಿಟಕಿ ಎಲ್ಲಕ್ಕೂ ಬೇರೆ ಬೇರೆ ಬೆಲೆ. ಚಿಕ್ಕ ಎಂಜಿನ್ನಿಗೆ ಚರ್ಮದ ಆಸನ ಹಾಕಿಸಬಹುದಿತ್ತು, ದೊಡ್ಡ ಎಂಜಿನ್ನಿಗೆ ಬಟ್ಟೆಯನ್ನೇ ಉಳಿಸಿಕೊಳ್ಳಬಹುದಿತ್ತು. ಕಂಪನಿಯ ಆಯ್ಕೆಪಟ್ಟಿಯಲ್ಲಿ 260 ಎಂಬ ಸಂಕೇತವೊಂದಿತ್ತು: ಡಿಕ್ಕಿಯ ಮೇಲಿನ ಮಾದರಿ ಸಂಖ್ಯೆಯನ್ನು ಹಚ್ಚದೆ ಕೊಡುವುದು. ಸಣ್ಣ ಎಂಜಿನ್ ಕೊಂಡವರು ಸಂಕೋಚಕ್ಕೂ ದೊಡ್ಡದನ್ನು ಕೊಂಡವರು ನೆರೆಹೊರೆಯ ಕಣ್ಣಿಗೆ ಅಂಜಿಯೂ ಅದನ್ನು ಬರೆಸುತ್ತಿದ್ದಿರಬೇಕು. ಭಾರತದಲ್ಲಿ ಆ ಸಂಕೇತಕ್ಕೆ ಗಿರಾಕಿ ಸಿಕ್ಕುವುದು ಕಷ್ಟ. ಇಲ್ಲಿ ಇಲ್ಲದ ಅಂಕಿಯನ್ನು ಅಂಗಡಿಯಿಂದ ತಂದು ಅಂಟಿಸಿಕೊಂಡವರೇ ಹೆಚ್ಚು.

ಉಡುಪಿ ಹೋಟೆಲುಗಳನ್ನು ಬಲ್ಲ ಮುಂಬಯಿಯ ಓದುಗರಿಗೆ ಮುಂದಿನ ಬದಲಾವಣೆಯನ್ನು ವಿವರಿಸುವುದು ಸುಲಭ. ಬೇಕಾದ್ದನ್ನು ಒಂದೊಂದಾಗಿ ತರಿಸಿಕೊಳ್ಳುವ ಪದ್ಧತಿ ಹೋಗಿ ತಟ್ಟೆ ಊಟ ಬಂತು. ಸಮುದ್ರ ದಾಟಿ ಕಾರು ಕಳಿಸುತ್ತಿದ್ದ ಜಪಾನೀಯರಿಗೆ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಬಗೆಯ ಕಾರು ಕಟ್ಟುವುದು ಅನುಕೂಲವಲ್ಲ. ಅವರು ಸಜ್ಜುಗಳನ್ನು ಕಟ್ಟುಕಟ್ಟಾಗಿ ಕೊಟ್ಟರು. 1989ರ ಲೆಕ್ಸಸ್ ಎಲ್‌ಎಸ್ 400ರಲ್ಲಿ ಎಂಜಿನ್ ಒಂದೇ, ನಾಲ್ಕು ಲೀಟರಿನ ವಿ8. ಆರಿಸುವ ತಲೆನೋವೇ ಇಲ್ಲ. 1993ರಲ್ಲಿ ಮರ್ಸಿಡಿಸ್ ಕೂಡ ತನ್ನ ಸಿ ಕ್ಲಾಸ್ ಕಾರನ್ನು ಕ್ಲಾಸಿಕ್, ಎಸ್ಪ್ರಿ, ಎಲಿಗನ್ಸ್, ಸ್ಪೋರ್ಟ್ ಎಂಬ ನಾಲ್ಕು ತಟ್ಟೆಗಳಲ್ಲಿ ಬಡಿಸಿತು. ಇಂದು ನಾವು ಟ್ರಿಮ್ ಎನ್ನುವುದು ಈ ತಟ್ಟೆಯನ್ನೇ.

ಡೀಸೆಲಿನ ಕಥೆಯನ್ನು ಬೇರೆಯಾಗಿಯೇ ಹೇಳಬೇಕು. ಸರಣಿಯಾಗಿ ತಯಾರಾಗಿ ಮಾರಾಟಕ್ಕೆ ಬಂದ ಮೊದಲ ಡೀಸೆಲ್ ಕಾರುಗಳಲ್ಲಿ ಮುಖ್ಯವಾದ ಮರ್ಸಿಡಿಸ್ 260 ಡಿ 1936ರ ಬರ್ಲಿನ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಅದರ 45 ಅಶ್ವಶಕ್ತಿ ಟ್ಯಾಕ್ಸಿಗಳಿಗೆ ಸಾಕಾಗಿತ್ತು. ಗಡಗಡ ಸದ್ದಿನ, ಹೊಗೆಯ ಈ ಎಂಜಿನ್ ಶ್ರೀಮಂತರ ಕಾರಿನೊಳಗೆ ಬಂದದ್ದು ಅಭಿರುಚಿಯಿಂದಲ್ಲ, ಕಾನೂನಿನಿಂದ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕ 1975ರಲ್ಲಿ ಒಂದು ಕಾಯ್ದೆ ಮಾಡಿ, 1978ರ ಮಾದರಿಗಳಿಂದ ಮೊದಲ್ಗೊಂಡು ಪ್ರತಿಯೊಂದು ಕಂಪನಿ ಮಾರುವ ಕಾರುಗಳ ಸರಾಸರಿ ಮೈಲೇಜ್ ಗ್ಯಾಲನ್ನಿಗೆ 18 ಮೈಲಿಗಿಂತ ಕಡಿಮೆಯಿರಕೂಡದೆಂದು ವಿಧಿಸಿತು. ದೊಡ್ಡ ಕಾರುಗಳನ್ನಷ್ಟೇ ಮಾರುತ್ತಿದ್ದ ಮರ್ಸಿಡಿಸ್ ಸರಾಸರಿಯನ್ನು ಎತ್ತಲು ತನ್ನ ಅತ್ಯುಚ್ಚ ಎಸ್ ಕ್ಲಾಸಿನಲ್ಲೇ ಟರ್ಬೊ ಡೀಸೆಲ್ ಇಟ್ಟು 300 ಎಸ್‌ಡಿ ಎಂಬ ಕಾರನ್ನು ಅಮೆರಿಕಕ್ಕಾಗಿ ತಯಾರಿಸಿತು. ಅದು ಗೆದ್ದಿತು. ಅದೇ ಕಾಲದಲ್ಲಿ ಜನರಲ್ ಮೋಟಾರ್ಸ್ ತನ್ನ ಓಲ್ಡ್ಸ್‌ಮೊಬೈಲ್ ವಿಭಾಗದ ಪೆಟ್ರೋಲ್ ವಿ8ನ ವಿನ್ಯಾಸವನ್ನು ಆಧರಿಸಿ ಡೀಸೆಲ್ ವಿ8 ಮಾಡಿತು. 1980ರ ಕ್ಯಾಡಿಲಾಕ್ ಸೆವಿಲ್‌ಗೆ ಅದನ್ನೇ ಮೂಲ ಎಂಜಿನ್ನಾಗಿ ಕೊಟ್ಟಿತು. ಡೀಸೆಲಿನ ಒತ್ತಡಕ್ಕೆ ಸಿಲಿಂಡರ್ ಮುಚ್ಚಳದ ಬೋಲ್ಟುಗಳು ಸಾಲದಾದವು, ಇಂಧನದಲ್ಲಿ ಸೇರಿದ ನೀರನ್ನು ಬೇರ್ಪಡಿಸುವ ಏರ್ಪಾಡಿರಲಿಲ್ಲ, ಎಂಜಿನ್ನುಗಳು ಕೆಟ್ಟವು, ಮಾಲೀಕರು ಕೋರ್ಟಿಗೆ ಹೋದರು. ಎರಡೂ ಕಾರುಗಳ ಒಳಸಜ್ಜು ಶ್ರೇಷ್ಠವೇ. ಇಂಧನದ ಉಳಿತಾಯವೆಂದು ಎರಡನ್ನೂ ಕೊಂಡವರ ತರ್ಕವೂ ಒಂದೇ. ಒಬ್ಬರ ಕಾರು ದಶಕಗಳ ಕಾಲ ಓಡಿತು, ಇನ್ನೊಬ್ಬರದು ಗ್ಯಾರೇಜಿನಲ್ಲಿ ನಿಂತಿತು.

ಭಾರತಕ್ಕೆ ಬರೋಣ. 1980ರ ದಶಕದ ನಡುವೆ ನಮ್ಮಲ್ಲಿ ಮೂರು 'ದೊಡ್ಡ' ಕಾರುಗಳು ಬಂದವು. ಮುಂಬಯಿಯ ಕುರ್ಲಾದಿಂದ ಪ್ರೀಮಿಯರ್ 118ಎನ್‌ಇ, ಕೋಲ್ಕತ್ತದ ಬಳಿಯ ಉತ್ತರಪಾಡಾದಿಂದ ಕಾಂಟೆಸಾ, ಮದ್ರಾಸಿನಿಂದ ಸ್ಟಾಂಡರ್ಡ್ 2000. ಮೂರೂ ಪರದೇಶದ ಹಳೆಯ ಒಡಲುಗಳು. ಮೂರರ ಕಥೆಯೂ ಎಂಜಿನ್ನಿನ ಕಥೆಯೇ. ಮೊದಲನೆಯದರ ಹೆಸರಿನಲ್ಲೇ ಅದಿತ್ತು: ಫಿಯೆಟ್ 124ರ ಒಡಲಿಗೆ ನಿಸಾನ್ ಎಂಜಿನ್, ಎನ್‌ಇ ಎಂದರೆ ಅದೇ. ಕಾಂಟೆಸಾ 1984ರಲ್ಲಿ ಬಂದಾಗ ವಾಕ್ಸ್‌ಹಾಲ್ ವಿಕ್ಟರಿನ ಅಗಲವಾದ ಒಡಲೊಳಗೆ ಅಂಬಾಸಿಡರಿನದೇ 1489 ಸಿ.ಸಿ. ಎಂಜಿನ್ ಕುಳಿತಿತ್ತು. ಹಿಂದಿನ ಆಸನದಲ್ಲಿ ಮೂವರು ನಿರಾಳವಾಗಿ ಕೂರಬಹುದು, ಆದರೆ ಘಾಟಿ ಹತ್ತುವುದು ಕಷ್ಟ. ಆಮೇಲೆ 1.8 ಲೀಟರಿನ ಇಸುಝು ಎಂಜಿನ್ ಬಂದು ಅದರ ಮಾನ ಉಳಿಸಿತು.

ನನಗೆ ಈ ಮೂರರಲ್ಲಿ ಹೆಚ್ಚು ಕಾಡುವುದು ಸ್ಟಾಂಡರ್ಡ್ 2000. ಬ್ರಿಟನ್ನಿನ ರೋವರ್ ಎಸ್‌ಡಿ1 1976ರಲ್ಲಿ ಬಿಡುಗಡೆಯಾಗಿ, ಮರುವರ್ಷಕ್ಕೆ ಯುರೋಪಿನ ವರ್ಷದ ಕಾರು ಎನಿಸಿಕೊಂಡ ಚೆಲುವೆ. ಹಿಂಬಾಗಿಲು ಮೇಲಕ್ಕೆ ತೆರೆಯುವುದರಿಂದ ನಿಷ್ಠುರವಾಗಿ ಹೇಳಿದರೆ ಅದು ಸೆಡಾನ್ ಅಲ್ಲ, ಆದರೆ ಸಮಾಜದಲ್ಲಿ ಅದರ ಪಾತ್ರ ಅದೇ ಆಗಿತ್ತು. ಅಲ್ಲಿ ಅದರೊಳಗಿದ್ದುದು ಮೂರೂವರೆ ಲೀಟರಿನ ವಿ8. 1985ರಲ್ಲಿ ಅದೇ ರೂಪ ಮದ್ರಾಸಿನಿಂದ ಹೊರಬಂದಾಗ ಒಳಗಿದ್ದುದು 1940ರ ದಶಕದ ಸ್ಟಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನ ಕುಲದ ಎರಡು ಲೀಟರ್ ಎಂಜಿನ್. ಆ ಕುಲದ ಎಂಜಿನ್ನುಗಳು ಇಂಗ್ಲೆಂಡಿನಲ್ಲಿ ಫರ್ಗ್ಯುಸನ್ ಟ್ರ್ಯಾಕ್ಟರನ್ನೂ ಎಳೆದಿದ್ದವು. ವಿದೇಶಿ ವಿನಿಮಯದ ಬಿಗಿ, ಆಮದು ಪರವಾನಗಿ, ಪೆಟ್ರೋಲಿನ ಬೆಲೆ ಇವೆಲ್ಲ ಸೇರಿದ ಆ ದಿನಗಳಲ್ಲಿ ವಿ8 ಕನಸಿನ ಮಾತು. ಮನೆಯಲ್ಲಿದ್ದ ಎಂಜಿನ್ನನ್ನೇ ಕೂರಿಸಿದರು. ಮೆತ್ತೆಯ ಸುಖವನ್ನೇ ನಂಬಿ ಕೊಂಡವರಿಗೆ ಕಾರಿನ ಆಲಸ್ಯ, ಇಂಧನದ ಹಸಿವು ಬೇಗ ತಿಳಿಯಿತು. ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಗಿರಾಕಿಗೆ ಎಂಜಿನ್ನಿನ ಪಟ್ಟಿಯೇ ಇಲ್ಲದೆ ಸಜ್ಜನ್ನು ಮಾತ್ರ ಮಾರಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ನಮ್ಮ ವಾಹನಚರಿತ್ರೆಯಲ್ಲಿ ಇಲ್ಲ ಎಂದೇ ನನ್ನ ಎಣಿಕೆ.

ನಿಜವಾದ ಪಟ್ಟಿ ಬಂದದ್ದು ಉದಾರೀಕರಣದ ನಂತರ, ಪುಣೆಗೆ. ಟ್ರಕ್ಕುಗಳಿಗಾಗಿ 1954ರಿಂದಲೇ ಡೈಮ್ಲರ್ ಬೆಂಝ್ ಜೊತೆ ಕೈಜೋಡಿಸಿದ್ದ ಟೆಲ್ಕೊ 1994ರಲ್ಲಿ ಕಾರುಗಳಿಗಾಗಿ ಮತ್ತೆ ಕೂಡಿತು. 1995ರಲ್ಲಿ ಪಿಂಪ್ರಿಯಿಂದ ಇ 220 ಹೊರಬಂತು. ಮೇಲೆ ಹೇಳಿದ ಡಬ್ಲ್ಯು124 ಇದೇ. ಪೆಟ್ರೋಲಿನ ಇ 220ಕ್ಕೆ 150 ಅಶ್ವಶಕ್ತಿ, ಡೀಸೆಲಿನ ಇ 250 ಡಿಗೆ ಐದು ಸಿಲಿಂಡರಿನ 113 ಅಶ್ವಶಕ್ತಿ. ಜರ್ಮನಿಯಲ್ಲಿ ಒಂದೇ ಒಡಲಿಗೆ ಹತ್ತಾರು ಎಂಜಿನ್ನುಗಳಿದ್ದವು, ಇಲ್ಲಿ ಎರಡು. ಅದೇ ವರ್ಷ ಅಲ್ಲಿ ಡಬ್ಲ್ಯು124 ಸೆಡಾನಿಗೆ ವಿದಾಯ ಹೇಳಿ ಹೊಸ ಮಾದರಿ ಬಂದಿತ್ತು ಎಂಬುದು ಭಾರತದ ಸಿರಿವಂತರ ಕಿವಿಗೆ ಬೀಳದೆ ಇರಲಿಲ್ಲ. ಮಾರಾಟ ನಿರೀಕ್ಷೆಯಷ್ಟು ಆಗದಿರಲು ಇದೂ ಒಂದು ಕಾರಣ. ಆದರೂ ಇಂದು ಆ ಎರಡರಲ್ಲಿ ಉಳಿದಿರುವ ಕಾರುಗಳನ್ನು ಕಂಡವರು ಬಲ್ಲರು, ಹಳೆಯದೆಂದು ಹಳಿಸಿಕೊಂಡ ಆ ಕಾರು ಬಾಳಿಕೆಯಲ್ಲಿ ಹೊಸದನ್ನು ನಾಚಿಸಿತು.

ಆಮೇಲಿನ ಎರಡು ದಶಕ ಡೀಸೆಲಿನವು. ರೈತರ ಪಂಪು, ಲಾರಿ, ಬಸ್ಸುಗಳಿಗೆಂದು ಸರ್ಕಾರ ಡೀಸೆಲಿನ ಬೆಲೆಯನ್ನು ತಗ್ಗಿಸಿಟ್ಟಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲಿನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು, ಡೀಸೆಲನ್ನು ಬಿಡಲಿಲ್ಲ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದಾಗ ಡೀಸೆಲ್ 41ರ ಆಸುಪಾಸಿನಲ್ಲಿತ್ತು. ನೇಗಿಲಿನ ಸಬ್ಸಿಡಿ ಚರ್ಮದ ಆಸನದ ಕಾರಿನ ಟ್ಯಾಂಕಿಗೆ ಹರಿಯುತ್ತಿತ್ತು. ಡೀಸೆಲ್ ಕಾರಿನ ಮೇಲೆ 80,000 ರೂಪಾಯಿ ಹೆಚ್ಚುವರಿ ಸುಂಕ ಹಾಕಿ ಎಂದು ಕಿರೀಟ್ ಪಾರೀಖ್ ಸಮಿತಿ 2010ರಲ್ಲೇ ಸಲಹೆ ಮಾಡಿತ್ತು, ಅದು ಜಾರಿಯಾಗಲಿಲ್ಲ. ಹೀಗಿರುವಾಗ ದೊಡ್ಡ ಸೆಡಾನ್ ಕೊಳ್ಳುವವರು ಡೀಸೆಲ್ ಬಿಟ್ಟು ಬೇರೆಯದನ್ನು ಯೋಚಿಸುವುದೇ ಅಪರೂಪವಾಯಿತು. 2014ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯೂ ಬಿಡುಗಡೆಯಾಯಿತು.

ಮತ್ತೊಂದು ಕೈ ಆಮದು ಸುಂಕದ್ದು. 2013ರ ಬಜೆಟ್ಟಿನಲ್ಲಿ ಪೂರ್ಣವಾಗಿ ತಯಾರಾಗಿ ಬರುವ ಐಷಾರಾಮಿ ಕಾರಿನ ಮೇಲಿನ ಸುಂಕ 75ರಿಂದ 100 ಪ್ರತಿಶತಕ್ಕೇರಿತು. ಬಿಡಿಭಾಗಗಳಾಗಿ ಬಂದು ಪುಣೆಯ ಚಾಕಣದಲ್ಲೋ ಚೆನ್ನೈಯಲ್ಲೋ ಔರಂಗಾಬಾದಿನಲ್ಲೋ ಜೋಡಣೆಯಾದರೆ ಸುಂಕ ಬಹಳ ಕಡಿಮೆ. ಹಾಗಾಗಿ ಪ್ರಪಂಚದ ಬೇರೆಡೆ ದೊರೆಯುವ ಎಂಜಿನ್ನುಗಳಲ್ಲಿ ಇಲ್ಲಿ ಜೋಡಣೆಯಾಗುವ ಎರಡು ಮೂರೇ ನಮ್ಮ ಪಟ್ಟಿಯಲ್ಲಿ ಉಳಿಯುತ್ತವೆ. ಎಂಜಿನ್ ಹೀಗೆ ಕಿರಿದಾದಂತೆ ಹಿಂದಿನ ಆಸನ ಹಿರಿದಾಯಿತು. 2017ರಲ್ಲಿ ಚಾಲಕನ ಆಸನ ಬಲಕ್ಕಿರುವ ದೇಶಗಳಲ್ಲೇ ಮೊದಲಿಗೆ ಭಾರತದಲ್ಲಿ ಉದ್ದ ಇ ಕ್ಲಾಸ್ ಬಂತು. ಗಾಲಿಗಳ ನಡುವೆ 140 ಮಿಲಿಮೀಟರ್ ಹೆಚ್ಚು, ಅಷ್ಟೂ ಹಿಂದೆ ಕೂರುವವರ ಕಾಲಿಗೆ. 2021ರಲ್ಲಿ ಬಿಎಂಡಬ್ಲ್ಯು ತನ್ನ ಚಾಲಕಪ್ರಿಯ 3 ಸರಣಿಯನ್ನೂ 110 ಮಿಲಿಮೀಟರ್ ಹಿಗ್ಗಿಸಿ ಚೆನ್ನೈಯಿಂದ ಹೊರತಂದಿತು. ಅದೇ ವರ್ಷದ ಇ ಕ್ಲಾಸ್ ಪಟ್ಟಿಯನ್ನು ನೋಡಿ: ಇ 200 ಮತ್ತು ಇ 220 ಡಿಗೆ ಎಕ್ಸ್‌ಪ್ರೆಷನ್, ಎಕ್ಸ್‌ಕ್ಲೂಸಿವ್ ಎಂಬ ಸಜ್ಜುಗಳು, ಆರು ಸಿಲಿಂಡರಿನ ಇ 350 ಡಿ ಬೇಕಾದರೆ ಎಎಂಜಿ ಲೈನ್ ಎಂಬ ಓಟದ ತೊಡುಗೆಯೊಂದೇ. ಹಿರಿಯರೊಬ್ಬರು ನಯವಾದ ಆರು ಸಿಲಿಂಡರೂ ಬೇಕು, ಶಾಂತವಾದ ಮುಖವೂ ಬೇಕು ಎಂದರೆ ಪಟ್ಟಿಯಲ್ಲಿ ಅವರಿಗೆ ಜಾಗವಿಲ್ಲ. ಚಾಲಕನಿಟ್ಟು ಓಡಿಸುವ ಉದ್ದ ಕಾರಿಗೆ ಪಂದ್ಯದ ಬಂಪರ್! ಡಿಕ್ಕಿಯ ಮೇಲಿನ ಅಂಕಿಗೂ ಲೀಟರಿಗೂ ಇದ್ದ ಹಳೆಯ ನಂಟು ಅಷ್ಟರಲ್ಲಿ ಕಡಿದೇ ಹೋಗಿತ್ತು. ಆ ಪೀಳಿಗೆಯ ಇ 220 ಡಿಯ ಎಂಜಿನ್ 1950 ಸಿ.ಸಿ.

ಈ ಆಯ್ಕೆ ಎಷ್ಟು ದುಬಾರಿಯಾಗಬಹುದೆಂಬುದನ್ನು ಕಂಡವರು ದೆಹಲಿಯವರು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2015ರ ಏಪ್ರಿಲ್‌ನಲ್ಲಿ ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಓಡಾಟವನ್ನು ನಿಷೇಧಿಸಿತು. ಅದೇ ವರ್ಷ ಡಿಸೆಂಬರ್ 16ರಂದು ಸುಪ್ರೀಂ ಕೋರ್ಟು 2000 ಸಿ.ಸಿ. ಮತ್ತು ಅದಕ್ಕೂ ಮೇಲಿನ ಡೀಸೆಲ್ ಕಾರುಗಳ ಹೊಸ ನೋಂದಣಿಯನ್ನೇ ತಡೆಹಿಡಿಯಿತು. ಆಗ ಮಾರಾಟದಲ್ಲಿದ್ದ ಮರ್ಸಿಡಿಸ್ಸಿನ ನಾಲ್ಕು ಸಿಲಿಂಡರಿನ ಡೀಸೆಲ್ 2143 ಸಿ.ಸಿ.ಯದು. 143 ಸಿ.ಸಿ.ಯ ದೆಸೆಯಿಂದ ಅದು ಗೆರೆಯ ಆಚೆ ನಿಂತಿತು. ಮಹೀಂದ್ರಾ ಒಂದೇ ತಿಂಗಳಲ್ಲಿ ತನ್ನ ದೊಡ್ಡ ವಾಹನಗಳಿಗೆ 1.99 ಲೀಟರಿನ ಎಂಜಿನ್ ತಂದಿತು. ಇಟಲಿಯ ಮಾಸೆರಾಟಿ ಮಾಡಿದ್ದೂ ಅದನ್ನೇ. 2016ರ ಆಗಸ್ಟ್‌ನಲ್ಲಿ ಕಾರಿನ ಬೆಲೆಯ ಒಂದು ಪ್ರತಿಶತ ಪರಿಸರ ಶುಲ್ಕದೊಡನೆ ತಡೆ ತೆರವಾಯಿತು. ಹತ್ತು ವರ್ಷದ ಮಿತಿಯನ್ನು ಮಾತ್ರ 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆಮೇಲೂ ಆದೇಶಗಳು ಬದಲಾಗುತ್ತ ಬಂದಿವೆ. ಅಂದರೆ 2008ರಲ್ಲಿ ದೆಹಲಿಯ ಒಬ್ಬರು ಹೆಚ್ಚು ಹಣ ಕೊಟ್ಟು ಡೀಸೆಲನ್ನೂ, ಅವರ ನೆರೆಯವರು ಅದೇ ಸಜ್ಜಿನಲ್ಲಿ ಪೆಟ್ರೋಲನ್ನೂ ಕೊಂಡಿದ್ದರೆ, ಮೊದಲನೆಯವರ ಕಾರಿಗೆ ಹತ್ತು ವರ್ಷ ಆಯುಷ್ಯ, ಎರಡನೆಯವರದಕ್ಕೆ ಹದಿನೈದು. ಕೊಳ್ಳುವ ದಿನ ಇದು ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ. ಗಾಳಿ ಕೆಟ್ಟದ್ದು ಸುಳ್ಳಲ್ಲ. ಆ ಮಕ್ಕಳ ಶ್ವಾಸಕೋಶದ ಮುಂದೆ ಮರದ ಪಟ್ಟಿಯ ಚಿಂತೆ ಸಣ್ಣದೇ. ಆದರೆ ಡೀಸೆಲನ್ನು ಅಗ್ಗವಾಗಿಟ್ಟು ಕೊಳ್ಳಿರೆಂದು ಕರೆದ ವ್ಯವಸ್ಥೆಯೇ ಕೊಂಡವರನ್ನು ಆಮೇಲೆ ಹೊರಗಟ್ಟಿತೆಂಬುದೂ ಸುಳ್ಳಲ್ಲ.

ಹೀಗೆ ಅವಧಿ ಮುಗಿದ ದೆಹಲಿಯ ಡೀಸೆಲ್ ಸೆಡಾನುಗಳಲ್ಲಿ ಹಲವು ನಿರಾಕ್ಷೇಪಣಾ ಪತ್ರ ಪಡೆದು ಬೇರೆ ರಾಜ್ಯಗಳಿಗೆ ಹೋದವು. ಹೊಸ ಕಾರಿನ ಬೆಲೆಯ ಒಂದು ಸಣ್ಣ ಪಾಲಿಗೆ ಅವನ್ನು ಕೊಂಡವರಲ್ಲಿ ಬಹಳ ಮಂದಿ ಚಾಲಕರನ್ನು ಇಟ್ಟುಕೊಳ್ಳುವವರಲ್ಲ. ಯಜಮಾನರ ಬೆನ್ನಿಗೆಂದು ಹೊಲಿದ ಹಿಂದಿನ ಚರ್ಮದ ಆಸನ ಈಗ ಮಕ್ಕಳ ಪಾಲಿಗೆ, ಸ್ಟೀರಿಂಗ್ ಹಿಡಿದು ಮುಂದೆ ಕೂತವರು ಆ ಕಾರಿನ ಮಾಲೀಕರೇ.